ಫ್ರೋಜನ್ ನೋಡಿದ ಮಕ್ಕಳಿಗೆ ಹಳೇ ಹಿಮರಾಣಿ ಕಥೆ ಹೇಳೋದು ಹೇಗೆ?

ಸುಮಾ_ಸಾಗರ:

ಎಲ್ಲರಿಗೂ ನಮಸ್ಕಾರ. ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಹನ್ನೊಂದು, ಚಿಕ್ಕವಳಿಗೆ ಆರು. ಮಳೆಗೆ ಶಾಲೆ ರಜೆ ಕೊಟ್ಟರೆ ಸಾಕು, ನಮ್ಮನೆ ಟಿವಿಯಲ್ಲಿ ಡಿಸ್ನಿಯವರ ಫ್ರೋಜನ್ ಸಿನಿಮಾ ಶುರು. ಕರೆಂಟ್ ಹೋದರೂ ನಿಲ್ಲುವುದಿಲ್ಲ. ಚಿಕ್ಕವಳು ಅಕ್ಕನ ಕೈಗೆ ಅಪ್ಪನ ಬೈಕ್ ಗ್ಲೌಸ್ ಹಾಕಿಸಿ ಕಥೆ ಮುಂದುವರಿಸುತ್ತಾಳೆ. ನಮ್ಮತ್ತೆಗೆ ಇಂಗ್ಲಿಷ್ ಬರುವುದಿಲ್ಲ, ಆದರೂ ಹೂವು ಕಟ್ಟುತ್ತಾ ಪೂರ್ತಿ ನೋಡುತ್ತಾರೆ. ಅವರದು ಪ್ರತಿ ಸಲವೂ ಒಂದೇ ತಕರಾರು: "ಆ ದೊಡ್ಡ ಹುಡುಗೀನ ಕೋಣೇಲಿ ಕೂಡಿ ಹಾಕಿದ್ದೇ ತಪ್ಪು. ಅಪ್ಪ ಅಮ್ಮನಿಗೆ ಬುದ್ಧಿ ಬೇಡ್ವಾ?"

ಸಿನಿಮಾದ ಕೊನೆಯಲ್ಲಿ ಡೆನ್ಮಾರ್ಕಿನ ಕಥೆಗಾರ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಹೆಸರು ಬರುತ್ತದಲ್ಲ, ಸರಿ, ಮೂಲ ಕಥೆಯನ್ನೇ ರಾತ್ರಿ ಮಲಗುವಾಗ ಕನ್ನಡದಲ್ಲಿ ಹೇಳೋಣ ಅಂತ ಇಂಗ್ಲಿಷ್ ಅನುವಾದ ತರಿಸಿಕೊಂಡೆ. ಓದಿದರೆ ಅದರಲ್ಲಿ ಅಕ್ಕ ತಂಗಿಯರೇ ಇಲ್ಲ! ಕೈ ಅಂತ ಒಬ್ಬ ಹುಡುಗ, ಗೆರ್ಡಾ ಅಂತ ಒಬ್ಬಳು ಹುಡುಗಿ. ಅಕ್ಕಪಕ್ಕದ ಮನೆಯವರು. ಅಣ್ಣ ತಂಗಿಯರ ಹಾಗೇ ಇದ್ದರು ಅಂತ ಬರೆದಿದ್ದಾರೆ, ಅಷ್ಟೇ. ದುಷ್ಟ ಕನ್ನಡಿಯೊಂದು ಒಡೆದು ಅದರ ಚೂರು ಹುಡುಗನ ಕಣ್ಣಿಗೂ ಎದೆಗೂ ಹೊಕ್ಕುತ್ತದೆ. ಅವನಿಗೆ ಚೆಂದದ್ದೆಲ್ಲ ಕೆಟ್ಟದ್ದಾಗಿ ಕಾಣುತ್ತದೆ. ಹಿಮರಾಣಿ ಅವನನ್ನು ಜಾರುಬಂಡಿಯಲ್ಲಿ ಎತ್ತಿಕೊಂಡು ಹೋಗುತ್ತಾಳೆ, ಗೆರ್ಡಾ ಹುಡುಕಿಕೊಂಡು ಉತ್ತರದ ತುದಿಗೆ ಹೋಗುತ್ತಾಳೆ.

ಕಥೆ ಸಾರಾಂಶ ಹೇಳಿ ನೋಡಿದೆ. ದೊಡ್ಡವಳು "ಇದು ಬೇರೆ ಕಥೆ ಬಿಡಮ್ಮ" ಅಂದಳು. ಚಿಕ್ಕವಳು ಮಾತ್ರ ಎದ್ದು ಕೂತಳು. ಗೆರ್ಡಾ ಬಂದು ಹುಡುಗನನ್ನು ಕರೆದುಕೊಂಡು ಹೋಗುವಾಗ ರಾಣಿ ಅರಮನೆಯಲ್ಲಿ ಇರುವುದೇ ಇಲ್ಲ, ಬಿಸಿ ದೇಶಗಳ ಬೆಂಕಿಬೆಟ್ಟಗಳಿಗೆ ಬಿಳಿ ಬಳಿಯಲು ಹೋಗಿರುತ್ತಾಳೆ ಅಂತ ಪುಸ್ತಕದಲ್ಲಿದೆ. ಅದಕ್ಕೆ ಇವಳ ಪ್ರಶ್ನೆ: "ಹಾಗಾದ್ರೆ ರಾಣಿ ವಾಪಸ್ ಬಂದಾಗ ಮನೇಲಿ ಯಾರೂ ಇರಲ್ವಾ? ಅವಳು ಒಬ್ಬಳೇನಾ?" ನನಗೆ ಉತ್ತರ ತೋಚಲಿಲ್ಲ.

ಈಗ ನನ್ನ ಪ್ರಶ್ನೆ. ಈ ಎರಡು ಕಥೆಗೆ ನಿಜಕ್ಕೂ ಏನಾದರೂ ಸಂಬಂಧ ಇದೆಯಾ, ಅಥವಾ ಸುಮ್ನೆ ಹೆಸರಿಗೆ ಹಾಕಿಕೊಂಡಿದ್ದಾರಾ? ಸಿನಿಮಾದಲ್ಲಿ ಕೈಯಿಂದ ಹಿಮ ಸುರಿಸುವ ಅಕ್ಕ ಎಲ್ಸಾಳನ್ನು ಇಷ್ಟಪಡುವ ಮಗುವಿಗೆ ಆ ಹಳೇ ರಾಣಿಯನ್ನು ಹೇಗೆ ಹೇಳುವುದು?

ಕಥೆ_ಟೀಚರ್_ಮೈಸೂರು:

ಸುಮಾ ಅವರೇ, ನಿಮ್ಮ ಚಿಕ್ಕವಳು ಕೇಳಿದ್ದನ್ನು ಡಿಸ್ನಿಯವರು ಕೇಳಿಕೊಳ್ಳಲು ಎಪ್ಪತ್ತು ವರ್ಷ ಬೇಕಾಯಿತು. ತಮಾಷೆ ಮಾಡುತ್ತಿಲ್ಲ. 1940ರ ದಶಕದಲ್ಲೇ ವಾಲ್ಟ್ ಡಿಸ್ನಿಗೆ ಆಂಡರ್ಸನ್ ಕಥೆಗಳ ಮೇಲೆ ಕಣ್ಣಿತ್ತು. ಹಿಮರಾಣಿ ಮಾತ್ರ ಕೈಗೆ ಸಿಗಲಿಲ್ಲ. ಆಮೇಲೂ ಹಲವು ಸಲ ಎತ್ತಿಕೊಂಡು ಕೆಳಗಿಟ್ಟರು. ನನ್ನ ಪ್ರಕಾರ ಕಾರಣ ಒಂದೇ. ಪುಸ್ತಕದ ರಾಣಿಗೆ ಕಥೆಯೇ ಇಲ್ಲ. ಬರುತ್ತಾಳೆ, ಹುಡುಗನಿಗೆ ಎರಡು ಮುತ್ತು ಕೊಡುತ್ತಾಳೆ, ಒಯ್ಯುತ್ತಾಳೆ. ಯಾಕೆ ಒಯ್ದಳು ಅಂತ ಆಂಡರ್ಸನ್ ಹೇಳುವುದಿಲ್ಲ. ಅವಳನ್ನು ಸೋಲಿಸುವವರೂ ಇಲ್ಲ.

ಫ್ರೋಜನ್ ಕೂಡ ಶುರುವಿನಲ್ಲಿ ಹಾಗೇ ಇತ್ತು. ಎಲ್ಸಾ ಖಳನಾಯಕಿ. ಈಗ ತಂಗಿಯಾಗಿರುವ ಅನ್ನಾಗೂ ಅವಳಿಗೂ ನೆಂಟಸ್ತಿಕೆಯೇ ಇರಲಿಲ್ಲ. ಆಮೇಲೆ ಇವರಿಬ್ಬರನ್ನು ಅಕ್ಕ ತಂಗಿ ಮಾಡಿದರೆ ಹೇಗೆ ಅನ್ನುವ ಯೋಚನೆ ಬಂತು. ಸ್ಟುಡಿಯೋದಲ್ಲಿ ಅಕ್ಕ ತಂಗಿಯರಿರುವ ಹೆಂಗಸರನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ, ನಿಮ್ಮಲ್ಲಿ ಜಗಳ ಹೇಗೆ, ರಾಜಿ ಹೇಗೆ ಅಂತ ಮಾತಾಡಿಸಿದರಂತೆ. ಅಷ್ಟಾದರೂ ಎಲ್ಸಾ ಇನ್ನೂ ಕೆಟ್ಟವಳೇ. ಅದನ್ನು ಬದಲಿಸಿದ್ದು ಒಂದು ಹಾಡು. ಕ್ರಿಸ್ಟನ್ ಆಂಡರ್ಸನ್ ಲೋಪೆಜ್, ರಾಬರ್ಟ್ ಲೋಪೆಜ್ ಅಂತ ಗಂಡ ಹೆಂಡತಿ. ಬೆಟ್ಟದ ಮೇಲೆ ಎಲ್ಸಾ ಒಬ್ಬಳೇ ಹಾಡುತ್ತಾಳಲ್ಲ, ಅದನ್ನು ಅವರು ಬರೆದು ತಂದರು. ಕೇಳಿದ ಮೇಲೆ ಇವಳನ್ನು ಕೆಟ್ಟವಳು ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಚಿತ್ರಕಥೆ ಬರೆಯುತ್ತಿದ್ದ ಜೆನ್ನಿಫರ್ ಲೀ ಎಲ್ಸಾಳ ಪಾತ್ರವನ್ನೇ ಬೇರೆ ಮಾಡಿ ಬರೆದರು. ಲೀ ಮುಂದೆ ಕ್ರಿಸ್ ಬಕ್ ಜೊತೆ ನಿರ್ದೇಶಕಿಯೂ ಆದರು. ಡಿಸ್ನಿಯ ಆ ಸ್ಟುಡಿಯೋದ ಪೂರ್ಣ ಉದ್ದದ ಚಿತ್ರವನ್ನು ಹೆಂಗಸೊಬ್ಬರು ನಿರ್ದೇಶಿಸಿದ್ದು ಅದೇ ಮೊದಲು.

ಸಂಬಂಧ ಇದೆಯಾ ಅಂದರೆ, ಇದೆ, ಆದರೆ ಪಾತ್ರಗಳನ್ನು ಕಲಸಿಬಿಟ್ಟಿದ್ದಾರೆ. ಹಳೇ ಕಥೆಯಲ್ಲಿ ಎದೆ ಹೆಪ್ಪುಗಟ್ಟುವುದು ಕೈ ಅನ್ನುವ ಹುಡುಗನಿಗೆ, ಹುಡುಕಿಕೊಂಡು ಹೋಗುವುದು ಗೆರ್ಡಾ. ಸಿನಿಮಾದಲ್ಲಿ ಎರಡೂ ಅನ್ನಾಳ ತಲೆಗೆ. ಹಿಮದಲ್ಲಿ ನಡೆಯುವವಳೂ ಅವಳೇ, ಎದೆಗೆ ಪೆಟ್ಟು ತಿನ್ನುವವಳೂ ಅವಳೇ. ಆ ಹುಡುಗ ಕಳೆದುಹೋದ ಜಾಗದಲ್ಲಿ ರಾಣಿಯನ್ನೇ ತಂದು ಕೂರಿಸಿದ್ದಾರೆ. ಹುಡುಕಬೇಕಾದದ್ದು ಅವಳನ್ನೇ. ಹಿಮಸಾರಂಗ ಎರಡರಲ್ಲೂ ಇದೆ. ಕಣ್ಣೀರೂ ಇದೆ. ಗೆರ್ಡಾಳ ಕಣ್ಣೀರು ಹುಡುಗನ ಎದೆಯ ಮೇಲೆ ಬಿದ್ದು ಮಂಜುಗಡ್ಡೆ ಕರಗುತ್ತದೆ. ಇಲ್ಲಿ ಎಲ್ಸಾ ತಂಗಿಯನ್ನು ತಬ್ಬಿಕೊಂಡು ಅಳುತ್ತಾಳೆ. ಇನ್ನೊಂದು ಕುಚೇಷ್ಟೆ: ಸಿನಿಮಾದ ಪಾತ್ರಗಳ ಹೆಸರನ್ನು ಹಾನ್ಸ್, ಕ್ರಿಸ್ಟಾಫ್, ಅನ್ನಾ, ಸ್ವೆನ್ ಅಂತ ಬೇಗ ಬೇಗ ಹೇಳಿ ನೋಡಿ, ಆಂಡರ್ಸನ್ ಅವರ ಪೂರ್ತಿ ಹೆಸರೇ ಕೇಳಿಸುತ್ತದೆ.

ಮಕ್ಕಳಿಗೆ ಹೇಳುವ ವಿಷಯಕ್ಕೆ ಬರುತ್ತೇನೆ. ನಾನು ಶನಿವಾರ ಮಕ್ಕಳಿಗೆ ಕಥೆ ಹೇಳುವವಳು, ಈ ಕಥೆಯನ್ನು ತುಂಬಾ ಸಲ ಹೇಳಿದ್ದೇನೆ. ಆಂಡರ್ಸನ್ ಇದನ್ನು ಏಳು ಭಾಗ ಮಾಡಿ ಬರೆದಿದ್ದಾರೆ (ಅಚ್ಚಾಗಿದ್ದು 1844ರ ಡಿಸೆಂಬರಿನಲ್ಲಿ). ರಾತ್ರಿಗೊಂದು ಭಾಗ ಹೇಳಿ, ಅಳತೆ ಸರಿಯಾಗುತ್ತದೆ. ಮೂರನೆಯದರಲ್ಲಿ ಮಾಟಗಾತಿ ಮುದುಕಿಯ ತೋಟದ ಹೂವುಗಳು ಒಂದೊಂದೂ ತಮ್ಮ ಕಥೆ ಹೇಳಿಕೊಳ್ಳುತ್ತವೆ. ಅದನ್ನು ಧಾರಾಳವಾಗಿ ಹಾರಿಸಿ, ಮಕ್ಕಳು ನಿದ್ದೆ ಹೋಗುತ್ತಾರೆ. ಆದರೆ ಮುದುಕಿ ಗುಲಾಬಿಗಳನ್ನೆಲ್ಲ ಮಣ್ಣಿನೊಳಗೆ ಅಡಗಿಸಿ, ತನ್ನ ಟೋಪಿಯ ಮೇಲೆ ಬರೆದಿದ್ದ ಗುಲಾಬಿಯನ್ನು ಮರೆತುಬಿಡುತ್ತಾಳಲ್ಲ, ಅದು ಬೇಕೇ ಬೇಕು.

ಐದನೆಯದು ದರೋಡೆಕೋರರ ಹುಡುಗಿ. ಅದಕ್ಕೆ ಕುತ್ತಿಗೆ, ಕೈ, ಕಣ್ಣು ಎಲ್ಲ ಬಳಸಿ. ಮಲಗುವಾಗಲೂ ಚಾಕು ಹಿಡಿದುಕೊಂಡೇ ಮಲಗುವವಳು ಅವಳು. ಗೆರ್ಡಾಳನ್ನು ಹೆದರಿಸುತ್ತಾಳೆ, ಆಮೇಲೆ ತನ್ನ ಹಿಮಸಾರಂಗವನ್ನೇ ಬಿಚ್ಚಿ ಕೊಡುತ್ತಾಳೆ. ಇಡೀ ಕಥೆಯಲ್ಲಿ ನನಗೆ ಅವಳಷ್ಟು ಇಷ್ಟ ಇನ್ಯಾರೂ ಇಲ್ಲ. ಫ್ರೋಜನ್‌ನಲ್ಲಿ ಅವಳನ್ನು ಬಿಟ್ಟಿದ್ದಕ್ಕೆ ನನಗಿನ್ನೂ ಸಿಟ್ಟಿದೆ.

ರಾಣಿಯ ಬಗ್ಗೆ ಒಂದು ವಿಷಯ ದೊಡ್ಡವಳಿಗೆ ಮಾತ್ರ ಹೇಳಿ. ಆಂಡರ್ಸನ್ ಅಪ್ಪ ಬಡ ಚಮ್ಮಾರ. ಒಂದು ಚಳಿಗಾಲ ಕಿಟಕಿ ಗಾಜಿನ ಮೇಲೆ ಕಟ್ಟಿದ ಹಿಮದಲ್ಲಿ ಕೈ ಚಾಚಿದ ಹೆಣ್ಣಿನ ಆಕಾರ ಕಂಡಿತಂತೆ. ನನ್ನನ್ನು ಕರೆಯಲು ಬಂದಿದ್ದಾಳೆ ಅಂತ ಅಪ್ಪ ತಮಾಷೆ ಮಾಡಿದ್ದರಂತೆ. ಅವರು ತೀರಿಕೊಂಡಾಗ ಅಮ್ಮ ಅದೇ ಮಾತು ನೆನಪಿಸಿಕೊಂಡರು, ಹಿಮದ ಹೆಣ್ಣು ಬಂದು ಒಯ್ದಳು ಅಂತ. ಆಗ ಆಂಡರ್ಸನ್‌ಗೆ ನಿಮ್ಮ ದೊಡ್ಡವಳ ವಯಸ್ಸು. ಇದನ್ನು ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. ಒಯ್ದವಳಿಗೆ ಕಾರಣ ಯಾಕಿಲ್ಲ ಅಂತ ನನಗೆ ಆಗ ಅರ್ಥವಾಯಿತು.

ಚಿಕ್ಕವಳ ಪ್ರಶ್ನೆಗೆ ನೀವು ಉತ್ತರ ಕೊಡಬೇಡಿ. ಅಕ್ಕನನ್ನು ಕೇಳು ಅನ್ನಿ.

ಕಲ್ಲೇಶಿ77:

ಟೀಚರ್ ಚೆನ್ನಾಗಿ ಬರೆದಿದ್ದೀರಿ, ಆದರೆ ಒಂದು ಮಾತು ಒಪ್ಪಲ್ಲ. ರಾಣಿಗೆ ಕಾರಣ ಕೊಟ್ಟ ತಕ್ಷಣ ಕಥೆ ದೊಡ್ಡದಾಯಿತು ಅಂತ ಯಾಕೆ ಅಂದುಕೊಳ್ಳಬೇಕು? 1957ರಲ್ಲಿ ಸೋವಿಯತ್ ದೇಶದ ಸೋಯುಜ್‌ಮುಲ್ತ್‌ಫಿಲ್ಮ್ ಇದನ್ನೇ ಕಾರ್ಟೂನ್ ಮಾಡಿತ್ತು. ಲೆವ್ ಅತಮಾನೊವ್ ನಿರ್ದೇಶನ. ಅಲ್ಲೂ ಕಾರಣ ಇದೆ. ರಾಣಿ ಇಲ್ಲಿಗೆ ಬಂದರೆ ಬಿಸಿ ಒಲೆ ಮೇಲೆ ಕೂರಿಸಿ ಕರಗಿಸಿಬಿಡುತ್ತೇನೆ ಅಂತ ಹುಡುಗ ಜಂಬ ಕೊಚ್ಚುತ್ತಾನೆ. ಅವಳು ತನ್ನ ಕನ್ನಡಿಯಲ್ಲಿ ಅದನ್ನು ನೋಡಿ ಸಿಟ್ಟಿನಿಂದ ಕನ್ನಡಿ ಒಡೆಯುತ್ತಾಳೆ. ಇಷ್ಟೇ ಸಾಕಲ್ವಾ? ಅವಳ ಬಾಲ್ಯ, ಅವಳ ದುಃಖ, ಅವಳ ಕೋಣೆ ಎಲ್ಲ ಬೇಕಾ? ಕೈಯಿಂದ ಬರೆದ ಆ ರಾಣಿಯ ಮುಖ ಒಂದು ಸಲ ನೋಡಿದರೆ ಇವತ್ತಿಗೂ ಬೆನ್ನಲ್ಲಿ ಚಳಿ ಹುಟ್ಟುತ್ತದೆ. ಎಲ್ಸಾ ನೋಡಿದರೆ ಲಂಚ್ ಬಾಕ್ಸ್, ನೀರಿನ ಬಾಟಲಿ ನೆನಪಾಗುತ್ತದೆ, ಅಷ್ಟೇ.

ಮತ್ತೆ ಸುಮಾ ಅವರ ಅತ್ತೆಯವರಿಗೆ: ಅಮ್ಮಾ, ಎಂಟು ವರ್ಷದ ಎಲ್ಸಾ ಆಟ ಆಡುತ್ತಾ ಹಾರಿಸಿದ ಹಿಮ ಐದು ವರ್ಷದ ತಂಗಿಯ ತಲೆಗೆ ಬಡಿದು ಅವಳು ಸಾಯುವ ಹಾಗಾಯಿತು. ಅಪ್ಪ ಅಮ್ಮ ಹೆದರಿದರು. ಹೆದರಿದ ಅಪ್ಪ ಅಮ್ಮ ಬಾಗಿಲು ಹಾಕುವುದನ್ನು ನಾವು ನೋಡಿಲ್ವಾ?

ಕಥೆ_ಟೀಚರ್_ಮೈಸೂರು:

ಕಲ್ಲೇಶಿಯವರೇ, ಸೋವಿಯತ್ ರಾಣಿಯ ಮುಖದ ವಿಷಯ ಒಪ್ಪಿದೆ. ಬಾಗಿಲಿನ ವಿಷಯ ಒಪ್ಪಲ್ಲ. ತಂಗಿಯನ್ನು ಬದುಕಿಸಿದ ಆ ಮುದಿ ಟ್ರೋಲ್ (ಬೆಟ್ಟದ ಮಾಯಾವಿ) ಸ್ಪಷ್ಟವಾಗಿ ಎಚ್ಚರಿಸಿದ್ದಾನೆ, ಇವಳಿಗೆ ಶತ್ರು ಭಯವೇ ಅಂತ. ಅದನ್ನು ಕೇಳಿಸಿಕೊಂಡು ಅರಸ ಮಾಡಿದ್ದೇನು? ಕೋಟೆ ಬಾಗಿಲು ಮುಚ್ಚಿಸಿದ, ಆಳುಗಳನ್ನು ಕಡಿಮೆ ಮಾಡಿದ, ಮಗಳ ಕೈಗೆ ಗ್ಲೌಸ್ ತೊಡಿಸಿದ, ಯಾರಿಗೂ ತೋರಿಸಬೇಡ ಅಂತ ಬಾಯಿಪಾಠ ಮಾಡಿಸಿದ. ಭಯವನ್ನು ದಿನಾ ಅಭ್ಯಾಸ ಮಾಡಿಸಿದ ಹಾಗಾಯಿತು. ತಂಗಿಯ ನೆನಪನ್ನೂ ಟ್ರೋಲ್ ಅಳಿಸಿದ್ದಾನೆ. ಆ ಮಗುವಿಗೆ ಅಕ್ಕ ಯಾಕೆ ಬಾಗಿಲು ತೆಗೆಯುತ್ತಿಲ್ಲ ಅಂತಲೇ ಗೊತ್ತಿಲ್ಲ. ಸಿನಿಮಾದಲ್ಲಿ ನನಗೆ ಅತಿ ಕಷ್ಟ ಆಗುವುದು ಅದೇ. ಹಿಮ ಆಮೇಲೆ ಬಂತು. ಇಬ್ಬರನ್ನೂ ಬೇರೆ ಮಾಡಿದ್ದು ಬಾಗಿಲು. ನಾನು ಅತ್ತೆಯವರ ಪಕ್ಷ.

ಅನ್ನಾ ಮೆಚ್ಚಿದ ರಾಜಕುಮಾರ ಹಾನ್ಸ್ ಕೊನೆಯಲ್ಲಿ ಕೆಟ್ಟವನಾಗುವುದು ಮಾತ್ರ ನನಗೆ ಮೋಸ ಅನ್ನಿಸುತ್ತದೆ. ಎಲ್ಸಾಳನ್ನು ಒಳ್ಳೆಯವಳು ಮಾಡಿದ ಮೇಲೆ ಕತ್ತಿ ಹಿಡಿಯಲು ಯಾರೋ ಬೇಕಿತ್ತು, ಇವನು ಸಿಕ್ಕಿದ.

ಫ್ಯೋರ್ಡ್_ಭಟ್ಟ:

ನಾನು ಕೆಲಸಕ್ಕೆ ಬಂದು ನಾರ್ವೆಯ ಬರ್ಗೆನ್‌ನಲ್ಲಿ ನೆಲೆಸಿದವನು, ಊರು ಹೊನ್ನಾವರ ಕಡೆ. ಕಥೆ ಡೆನ್ಮಾರ್ಕಿನದ್ದು, ಆದರೆ ಸಿನಿಮಾದವರು ಬಂದು ನೋಡಿ ಹೋಗಿದ್ದು ನಮ್ಮ ಊರನ್ನು. ಸಿನಿಮಾದಲ್ಲಿ ಎಲ್ಸಾಳ ಊರಾದ ಅರೆಂಡೆಲ್ ಬಂದರಿನ ಚೂಪು ಮಾಡಿನ ಬಣ್ಣಬಣ್ಣದ ಮರದ ಮನೆಗಳು ಇಲ್ಲಿನ ಬ್ರಿಗೆನ್ ಸಾಲಿನಿಂದ ಬಂದವು. 1702ರ ಬೆಂಕಿಯಲ್ಲಿ ಸುಟ್ಟು ಮತ್ತೆ ಕಟ್ಟಿದ್ದು, ಈಗ ಯುನೆಸ್ಕೋ ಪಟ್ಟಿಯಲ್ಲಿದೆ. ಎಲ್ಸಾಗೆ ಕಿರೀಟ ತೊಡಿಸುವ ಮರದ ಚರ್ಚ್ ಇದೆಯಲ್ಲ, ಬೋರ್ಗುಂಡ್‌ನಲ್ಲಿ ಅಂಥದ್ದು ಹನ್ನೆರಡನೇ ಶತಮಾನದಿಂದ ನಿಂತಿದೆ. ಬಟ್ಟೆಯ ಮೇಲಿನ, ಗೋಡೆಯ ಮೇಲಿನ ಬಳ್ಳಿ ಚಿತ್ತಾರ ಇಲ್ಲಿನ ಹಳ್ಳಿ ಮನೆಗಳ ಪೆಟ್ಟಿಗೆಗಳ ಮೇಲೂ ಕಾಣುತ್ತದೆ.

ಬರ್ಗೆನ್ ಪೇಟೆಯಲ್ಲಿ ಹಿಮ ಜಾಸ್ತಿ ದಿನ ನಿಲ್ಲುವುದಿಲ್ಲ ಅಂದರೆ ನಿಮ್ಮ ಮಕ್ಕಳಿಗೆ ಬೇಜಾರಾಗಬಹುದು. ಇಲ್ಲಿ ಮಳೆ. ವರ್ಷಕ್ಕೆ 200ಕ್ಕೂ ಹೆಚ್ಚು ದಿನ ಮಳೆ. ಸಾಗರದವರಿಗೆ ಏನೂ ಹೊಸದಲ್ಲ ಬಿಡಿ.

ಒಂದು ವಿಷಯ ಇಲ್ಲಿಗೆ ಬಂದ ಮೇಲೆ ಗಮನಿಸಿದೆ. ಸಿನಿಮಾ ಶುರುವಾಗುವಾಗ ಕೇಳಿಸುವ ಹಾಡು ಸಾಮಿ ಜನರ ಹಾಡುಗಾರಿಕೆಯ ಮೇಲೆ ಕಟ್ಟಿದ್ದು. ಫ್ರೋದೆ ಫ್ಯೆಲ್‌ಹೈಮ್ ಅಂತ ಸಾಮಿ ಮೂಲದ ಸಂಗೀತಗಾರರು ಮಾಡಿದ್ದು, ಹಾಡಿದವರು ಟ್ರಾಂಡ್‌ಹೈಮ್‌ನ ಹೆಣ್ಣುಮಕ್ಕಳ ತಂಡ. ಹಿಮಸಾರಂಗ ಸಾಕುವ ಜನ ಸಾಮಿಗಳು. ಹಳೇ ಕಥೆಯಲ್ಲಿ ಗೆರ್ಡಾಗೆ ದಾರಿ ಹೇಳುವ ಲ್ಯಾಪ್ ಮುದುಕಿಯೂ ಅವರೇ. ಆ ಹಳೇ ಹೆಸರನ್ನು ಅವರು ಇಷ್ಟಪಡುವುದಿಲ್ಲ, ಮಕ್ಕಳಿಗೆ ಹೇಳುವಾಗ ಸಾಮಿ ಅಜ್ಜಿ ಅನ್ನಿ. 2019ರ ಎರಡನೇ ಭಾಗಕ್ಕೆ ಡಿಸ್ನಿಯವರು ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡಿನ ಸಾಮಿ ಸಂಸತ್ತುಗಳ ಜೊತೆ ಒಪ್ಪಂದವನ್ನೇ ಮಾಡಿಕೊಂಡರು, ಉತ್ತರ ಸಾಮಿ ಭಾಷೆಗೆ ಡಬ್ ಕೂಡ ಮಾಡಿದರು. ಆ ಭಾಷೆ ಆಡುವವರು ಇಪ್ಪತ್ತು ಸಾವಿರದ ಆಸುಪಾಸು ಜನ. ಭಾರತದ ಚಿತ್ರಮಂದಿರಗಳಿಗೆ ಅದೇ ಸಿನಿಮಾ ಬಂದಾಗ ಹಿಂದಿ, ತಮಿಳು, ತೆಲುಗು ಇತ್ತು. ತೆಲುಗಿನಲ್ಲಿ ಎಲ್ಸಾಗೆ ದನಿ ಕೊಟ್ಟಿದ್ದು ನಮ್ಮ ಬೆಂಗಳೂರಿನ ನಿತ್ಯಾ ಮೆನನ್. ಕನ್ನಡ ಇರಲಿಲ್ಲ. ಸುಮಾ ಅವರೇ, ನಿಮ್ಮತ್ತೆ ಹೂವು ಕಟ್ಟುತ್ತಾ ಅರ್ಥ ಮಾಡಿಕೊಳ್ಳಬೇಕಾಗಿ ಬಂದದ್ದು ಹೀಗೆ.

ಕ್ರಿಸ್ಟಾಫ್ ಮಂಜುಗಡ್ಡೆ ಮಾರುವವನಲ್ವಾ, ಅದೂ ನಿಜವಾದ ಕಸುಬು. ಫ್ರಿಜ್ ಇಲ್ಲದ ಕಾಲದಲ್ಲಿ ನಾರ್ವೆಯ ಕೆರೆಗಳಿಂದ ಗಡ್ಡೆ ಕೊಯ್ದು ಲಂಡನ್‌ಗೆ ಹಡಗಿನಲ್ಲಿ ಕಳಿಸುತ್ತಿದ್ದರು. ನಮ್ಮ ಕಡೆಗೆ ಬರುತ್ತಿದ್ದದ್ದು ಅಮೆರಿಕದ ಗಡ್ಡೆ. ಚೆನ್ನೈ ಮರೀನಾದ ಐಸ್ ಹೌಸ್ ಕಟ್ಟಿದ್ದೇ ಅದನ್ನು ತುಂಬಿಡಲು.

ರೆಂಡರ್_ರಾಯ:

ಸುಮಾ ಅಕ್ಕಾ, ನಾನು ಬೆಂಗಳೂರಿನಲ್ಲಿ ವಿಎಫ್‌ಎಕ್ಸ್ (ಸಿನಿಮಾ ಗ್ರಾಫಿಕ್ಸ್) ಕೆಲಸ ಮಾಡುವವನು. ಕಥೆ ಬಗ್ಗೆ ದೊಡ್ಡವರು ಹೇಳಿದ್ದಾರೆ, ನಾನು ಹಿಮದ ಬಗ್ಗೆ ಮಾತ್ರ ಹೇಳುತ್ತೇನೆ. ದೊಡ್ಡವಳಿಗೆ ಹಿಡಿಸಬಹುದು.

ಕಂಪ್ಯೂಟರಿನಲ್ಲಿ ನೀರು ಮಾಡುವ ದಾರಿ ಗೊತ್ತಿತ್ತು, ಕಲ್ಲು ಮಾಡುವ ದಾರಿಯೂ ಗೊತ್ತಿತ್ತು. ಹಿಮ ಎರಡೂ ಹೌದು, ಎರಡೂ ಅಲ್ಲ. ಒಣ ರವೆಯ ಹಾಗೆ ಸುರಿಯುತ್ತದೆ, ಹಿಂಡಿದರೆ ಉಂಡೆ ಕಟ್ಟುತ್ತದೆ, ಉಂಡೆ ಬಿದ್ದರೆ ಒಡೆಯುತ್ತದೆ. ಇದಕ್ಕಾಗಿ ಡಿಸ್ನಿಯವರು ಮತ್ತು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗಣಿತದವರು ಸೇರಿ ಹೊಸ ವಿಧಾನ ಮಾಡಿದರು. 2013ರಲ್ಲೇ ಅದರ ಪ್ರಬಂಧವೂ ಬಂತು. ಹಿಮವನ್ನು ಲೆಕ್ಕವಿಲ್ಲದಷ್ಟು ಕಣಗಳಾಗಿ ಇಟ್ಟುಕೊಳ್ಳುತ್ತಾರೆ. ಪ್ರತಿ ಕಣಕ್ಕೂ ತೂಕ, ವೇಗ ಇರುತ್ತದೆ. ಒಂದು ಕಣ ಇನ್ನೊಂದನ್ನು ಎಷ್ಟು ತಳ್ಳುತ್ತದೆ ಅನ್ನುವ ಲೆಕ್ಕವನ್ನು ಮಾತ್ರ ಕಣ್ಣಿಗೆ ಕಾಣದ ಚೌಕಟ್ಟಿನ ಜಾಲದ ಮೇಲೆ ಮಾಡಿ, ಉತ್ತರವನ್ನು ವಾಪಸ್ ಕಣಗಳಿಗೆ ಹಂಚುತ್ತಾರೆ. ಎಲ್ಲರೂ ಎಲ್ಲರ ಜೊತೆ ಲೆಕ್ಕ ಮಾಡುತ್ತಾ ಕೂತರೆ ಸಿನಿಮಾ ಇನ್ನೂ ಮುಗಿಯುತ್ತಿರಲಿಲ್ಲ. ಸಾಫ್ಟ್‌ವೇರಿಗೆ ಮ್ಯಾಟರ್‌ಹಾರ್ನ್ ಅಂತ ಹೆಸರಿಟ್ಟಿದ್ದರು. ಈಗ ನಮ್ಮಂಥವರು ಮರಳು, ಕೆಸರಿಗೂ ಅದೇ ವಿಧಾನ ಬಳಸುತ್ತೇವೆ.

ಎಲ್ಸಾ ಅರಮನೆ ಕಟ್ಟುವ ದೃಶ್ಯದಲ್ಲಿ ಒಂದೇ ಒಂದು ಫ್ರೇಮ್, ಅಂದರೆ ಒಂದು ಸ್ಥಿರ ಚಿತ್ರ, ಕಂಪ್ಯೂಟರಿನಲ್ಲಿ ಮೂಡಲು 30 ಗಂಟೆಗೂ ಜಾಸ್ತಿ ಹಿಡಿಯಿತು. ಒಂದು ಸೆಕೆಂಡಿಗೆ 24 ಫ್ರೇಮ್. ಗಾಜಿನಂಥ ವಸ್ತು ಬಂದರೆ ಬೆಳಕು ಒಳಗೆ ಹೋಗಿ, ಬಗ್ಗಿ, ಇನ್ನೊಂದು ಕಡೆಯಿಂದ ಬರುತ್ತದೆ. ನಮಗೆ ಹೊಟ್ಟೆನೋವು ಬರುವುದೇ ಅಲ್ಲಿ. ಅದಕ್ಕೆ ಕೆನಡಾದ ಕ್ವಿಬೆಕ್‌ನಲ್ಲಿರುವ ಮಂಜುಗಡ್ಡೆ ಹೋಟೆಲಿಗೇ ಹೋಗಿ ಬೆಳಕು ಹೇಗೆ ಬೀಳುತ್ತದೆ ಅಂತ ನೋಡಿಕೊಂಡು ಬಂದರು. ಅಮೆರಿಕದ ವಯೋಮಿಂಗ್‌ನಲ್ಲಿ ಆಳದ ಹಿಮಕ್ಕೆ ಇಳಿದು ನಡೆದೂ ನೋಡಿದರು. ಅನ್ನಾ ಉದ್ದ ಲಂಗ ಹಾಕಿರುತ್ತಾಳಲ್ಲ, ಅದಕ್ಕೆ ಗಂಡಸರೂ ಲಂಗ ಹಾಕಿಕೊಂಡೇ ನಡೆದರು. ಇದನ್ನು ಮಾತ್ರ ಚಿಕ್ಕವಳಿಗೆ ಹೇಳಿ.

ಸುಮಾ_ಸಾಗರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲಂಗದ ವಿಷಯ ಹೇಳಿದ್ದೇ ತಪ್ಪಾಯಿತು. ಚಿಕ್ಕವಳು ಈಗ ಅಪ್ಪನನ್ನು ಬಿಡುತ್ತಿಲ್ಲ.

ಟೀಚರ್ ಹೇಳಿದ ಹಾಗೆ ರಾತ್ರಿಗೊಂದು ಭಾಗ ಹೇಳಿದೆ. ಹೂವುಗಳ ಕಥೆ ಹಾರಿಸಿದೆ. ದರೋಡೆ ಹುಡುಗಿ ಬಂದ ರಾತ್ರಿ ಚಿಕ್ಕವಳು ಸ್ಕೇಲ್ ಹಿಡಿದುಕೊಂಡು ಮಲಗಿದಳು. ಕೊನೆಗೆ ಆ ಪ್ರಶ್ನೆ ಮತ್ತೆ ಬಂತು, ರಾಣಿ ಒಬ್ಬಳೇನಾ ಅಂತ. ಅಕ್ಕನನ್ನು ಕೇಳು ಅಂದೆ. ದೊಡ್ಡವಳು "ಬೇರೆ ಕಥೆ" ಅಂದವಳು ಎಲ್ಲ ಕೇಳಿಸಿಕೊಂಡಿದ್ದಾಳೆ! ಹುಡುಗ ಕೈ ಮಂಜುಗಡ್ಡೆ ಚೂರುಗಳನ್ನು ಜೋಡಿಸಿ ಒಂದು ಪದ ಮಾಡಿದರೆ ಇಡೀ ಲೋಕ ಮತ್ತು ಹೊಸ ಸ್ಕೇಟ್ಸ್ ಕೊಡುತ್ತೇನೆ ಅಂತ ರಾಣಿ ಮಾತು ಕೊಟ್ಟಿರುತ್ತಾಳಲ್ಲ. ಕೊನೆಯಲ್ಲಿ ಚೂರುಗಳು ತಾವೇ ಕುಣಿದು ಆ ಪದ ಆಗುತ್ತವೆ. ಇವಳು ಹೇಳಿದ್ದು: "ರಾಣಿ ಬಂದು ನೆಲದ ಮೇಲೆ ಅದನ್ನ ಓದ್ತಾಳೆ. ಮಾತು ಕೊಟ್ಟಿದ್ದಾಳಲ್ಲ, ಸ್ಕೇಟ್ಸ್ ಕೊಡೋಕೆ ಅವನ ಮನೆಗೆ ಬರಲೇಬೇಕು. ಅಜ್ಜಿ ಕಾಫಿ ಕೊಡ್ತಾರೆ." ಚಿಕ್ಕವಳಿಗೆ ಒಪ್ಪಿಗೆಯಾಯಿತು. ಬಿಸಿ ಕಾಫಿ ಕುಡಿದರೆ ಕರಗಲ್ವಾ ಅಂತ ಮಾತ್ರ ಇನ್ನೂ ಚರ್ಚೆ ಇದೆ.

ಭಟ್ರೇ, ನಿಮಗೊಂದು ಪ್ರಶ್ನೆ, ಇದು ನಮ್ಮತ್ತೆಯದು. ಸಾಮಿ ಅಜ್ಜಿ ಕಾಗದ ಇಲ್ಲ ಅಂತ ಒಣ ಮೀನಿನ ಮೇಲೆ ಪತ್ರ ಬರೆದು ಕೊಡುತ್ತಾಳೆ. ಮುಂದಿನ ಅಜ್ಜಿ ಅದನ್ನು ಮೂರು ಸಲ ಓದಿ ಬಾಯಿಪಾಠ ಮಾಡಿಕೊಂಡು ಮೀನನ್ನು ಸಾರಿನ ಪಾತ್ರೆಗೆ ಹಾಕುತ್ತಾಳೆ. ಮೀನಿನ ಮೇಲೆ ಬರೆಯಲು ಬರುತ್ತದಾ?

ಫ್ಯೋರ್ಡ್_ಭಟ್ಟ:

ಅತ್ತೆಯವರಿಗೆ ನಮಸ್ಕಾರ ಹೇಳಿ. ಅದು ಕಾಡ್ ಅನ್ನುವ ದೊಡ್ಡ ಮೀನು. ಉತ್ತರದ ಲೋಫೊಟೆನ್ ದ್ವೀಪಗಳಲ್ಲಿ ಹಿಡಿದು, ಉಪ್ಪು ಹಾಕದೆ, ಮರದ ಚೌಕಟ್ಟುಗಳ ಮೇಲೆ ಫೆಬ್ರವರಿಯಿಂದ ಮೇ ತನಕ ಗಾಳಿಗೆ ನೇತು ಹಾಕುತ್ತಾರೆ. ಒಣಗಿದ ಮೇಲೆ ಹಲಗೆಯಷ್ಟು ಗಟ್ಟಿ. ವರ್ಷಗಟ್ಟಲೆ ಕೆಡುವುದಿಲ್ಲ. ಬರೆಯುವವರಿದ್ದರೆ ಜಾಗಕ್ಕೇನೂ ಕೊರತೆ ಇಲ್ಲ. ತಿನ್ನಬೇಕಾದರೆ ದಿನಗಟ್ಟಲೆ ನೆನೆಸಬೇಕು, ಹಾಗಾಗಿ ಸಾರಿನ ಪಾತ್ರೆಗೆ ಹಾಕಿದ್ದೂ ಸರಿಯೇ.

ಇನ್ನೊಂದು ಹೇಳಲು ಮರೆತಿದ್ದೆ. ಅರೆಂಡೆಲ್‌ಗೆ ಮಾದರಿಯಾದ ಬ್ರಿಗೆನ್ ಮನೆಗಳು ಬೆಳೆದದ್ದೇ ಈ ಒಣ ಮೀನಿನ ವ್ಯಾಪಾರದಿಂದ. ಉತ್ತರದಿಂದ ಮೀನು ಇಲ್ಲಿಗೆ ಬರುತ್ತಿತ್ತು, ಜರ್ಮನ್ ವ್ಯಾಪಾರಿಗಳು ಇಲ್ಲಿಂದ ಯೂರೋಪಿಗೆ ಕಳಿಸುತ್ತಿದ್ದರು. ಎಲ್ಸಾಳ ಊರು ಕಟ್ಟಿದ್ದು ಗೆರ್ಡಾಳ ಪತ್ರದಿಂದ ಅಂತ ದೊಡ್ಡವಳಿಗೆ ಹೇಳಿ ನೋಡಿ. ಇನ್ನಾದರೂ "ಬೇರೆ ಕಥೆ" ಅನ್ನಲಿಕ್ಕಿಲ್ಲ.